ಕೈ ಹೋಗದ ಜಾಗದಲ್ಲೊಂದು ಸೆನ್ಸರ್

ಅಪ್ಪ ತೀರಿಕೊಂಡದ್ದನ್ನು ಕೋಲ್ಕತ್ತದ ನಮ್ಮ ಕನ್ನಡದವರು ಹೇಳುವ ರೀತಿಗೆ ನನ್ನ ತಕರಾರಿದೆ. ಯಾರ ಮನೆಯ ಪೂಜೆಗೆ ಹೋದರೂ ಊಟ ಮುಗಿಯುವ ಹೊತ್ತಿಗೆ ಯಾರಾದರೊಬ್ಬರು ಶುರುಮಾಡುತ್ತಾರೆ. ಎದೆನೋವೆಂದು ಆಸ್ಪತ್ರೆಗೆ ಕರೆದೊಯ್ಯುವಾಗ ಕಾಳಿಘಾಟ್ ಸೇತುವೆ ಇಳಿದ ಕೂಡಲೇ ಕಾರು ತಾನಾಗಿಯೇ ನಿಂತಿತಂತೆ. ಅಪ್ಪ ಗುಡಿಯ ಕಡೆಗೆ ಕೈ ಮುಗಿದರಂತೆ. ಅಲ್ಲೇ ಹೋದರಂತೆ. "ಎಂಥ ಪುಣ್ಯದ ಸಾವು ಮಾರಾಯ್ರೆ!" ಕೇಳಿದವರು ಕಣ್ಣೊರೆಸಿಕೊಂಡು ಮಜ್ಜಿಗೆ ಕುಡಿಯುತ್ತಾರೆ.

ನೀವೇ ಹೇಳಿ, ಕಾರು ತಾನಾಗಿ ನಿಲ್ಲುವುದೆಂದರೆ ಏನು? ಪೆಟ್ರೋಲು ಮುಗಿಯಬೇಕು, ಇಲ್ಲವೇ ಏನೋ ಕೆಡಬೇಕು. ದೇವಿ ಬಯಸಿದಳು ಎಂಬುದು ಕಾರಣವಲ್ಲ, ಕಾರಣ ಹುಡುಕುವುದನ್ನು ಬಿಟ್ಟದ್ದಕ್ಕೆ ಇಟ್ಟ ಹೆಸರು. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಲ್ಲಿ ಇಂಥ ಮಾತಿಗೆ ನನಗೆ ಚಪ್ಪಾಳೆ ಸಿಗುತ್ತಿತ್ತು. ಆಗ ಗೆದ್ದ ಕಪ್ಪುಗಳಲ್ಲಿ ಅಮ್ಮ ಈಗ ದೇವರ ದೀಪದ ಬತ್ತಿ ತುಂಬಿಟ್ಟಿದ್ದಾಳೆ.

ಇವತ್ತು ಇದೆಲ್ಲ ನೆನಪಾದದ್ದು ಮೇಜಿನ ಮೇಲಿನ ಒಂದು ಸಣ್ಣ ಪೊಟ್ಟಣದಿಂದ. ಒಳಗಿರುವುದು ಹೆಬ್ಬೆರಳ ಗಾತ್ರದ, ಕಪ್ಪು ಪ್ಲಾಸ್ಟಿಕ್ಕಿನ, ಕಾರಿನ ಹೊಸ ಸೆನ್ಸರ್. ಕಾಗದ ಹಾರದಂತೆ ಮೇಲಿಡಲು ಬಳಸುತ್ತೇನೆ. ಬೇರಾವುದಕ್ಕೂ ಅದು ಬೇಕಾಗಲಿಲ್ಲ.

ಕಾರು ಅಪ್ಪನದು, ಓಡಿಸುತ್ತಿದ್ದದ್ದು ಚಿಕ್ಕಪ್ಪ. ಅಣ್ಣತಮ್ಮ ಇಬ್ಬರೂ ಉಡುಪಿಯ ಕಡೆಯಿಂದ ಬ್ಯಾಂಕಿನ ಕೆಲಸಕ್ಕೆಂದು ಬಂದು ಜೋಕಾದ ಒಂದೇ ಕಟ್ಟಡದಲ್ಲಿ ಮೇಲೆ ಕೆಳಗೆ ಮನೆ ಮಾಡಿದವರು. ಈ ಊರಿನ ಟ್ರಾಫಿಕ್ಕಿಗೆ ಹೆದರಿ ಅಪ್ಪ ಸ್ಟಿಯರಿಂಗ್ ಮುಟ್ಟಲೇ ಇಲ್ಲ. ಎಡಗಡೆ ಕೂತು ಕಂಡಕ್ಟರಿಕೆ ಮಾಡುತ್ತಿದ್ದರು. ಇಲ್ಲಿನ ಬಸ್ ಕಂಡಕ್ಟರುಗಳು ಬಸ್ಸು ನಿಲ್ಲಿಸಲು ಅಂಗೈಯಿಂದ ತಗಡು ಬಡಿಯುವುದನ್ನು ನೋಡಿ ನೋಡಿ ಅಪ್ಪನಿಗೂ ಅದೇ ಚಾಳಿ ಹತ್ತಿತ್ತು. ಮಿಠಾಯಿ ಅಂಗಡಿ ಕಂಡರೆ ಡ್ಯಾಶ್‌ಬೋರ್ಡಿನ ಮೇಲೆ ಧಪ್ ಧಪ್. ಮೀನು ಮಾರುವವಳು ಕಂಡರೆ ಧಪ್ ಧಪ್. ಕಾಳಿಘಾಟ್ ಸೇತುವೆ ಇಳಿದರಂತೂ ತಪ್ಪುತ್ತಲೇ ಇರಲಿಲ್ಲ. ಕಾರು ನಿಲ್ಲಬೇಕು, ಅಪ್ಪ ಕೈ ಮುಗಿಯಬೇಕು.

"ಇದೆಂತ ಮಿನಿಬಸ್ಸಾ ಅಣ್ಣ? ಬಾಯಲ್ಲಿ ಹೇಳ್ಲಿಕ್ಕೆ ಆಗುದಿಲ್ವಾ?" ಎಂದು ಚಿಕ್ಕಪ್ಪ ರೇಗುತ್ತಿದ್ದರು.

"ಬಾಯಲ್ಲಿ ಹೇಳಿದ್ರೆ ನೀನು ವಾದ ಮಾಡ್ತಿ. ತಟ್ಟಿದ್ರೆ ನಿಲ್ತಿ," ಎಂದು ಅಪ್ಪ ನಗುತ್ತಿದ್ದರು.

ನಿಜವೇ. ಧಪ್ ಎನ್ನುವುದೇ ತಡ, ಚಿಕ್ಕಪ್ಪನ ಕಾಲು ಎಕ್ಸಲರೇಟರಿನಿಂದ ತಾನಾಗಿ ಮೇಲೇಳುತ್ತಿತ್ತು. ಹಿಂದಿನ ಸೀಟಿನಲ್ಲಿ ಕೂತು ನಾನು ಎಷ್ಟು ಸಲ ನೋಡಿದ್ದೇನೆ.

ಅಪ್ಪ ಹೋದ ದಿನ ನಾನು ಪರೀಕ್ಷೆಗೆಂದು ಹೊರಗಿದ್ದೆ, ಅಮ್ಮ ಟ್ಯಾಕ್ಸಿಯಲ್ಲಿ ಹಿಂದೆ ಬರುತ್ತಿದ್ದಳು. ಕಾರಿನಲ್ಲಿದ್ದದ್ದು ಅವರಿಬ್ಬರೇ. ಚಿಕ್ಕಪ್ಪ ಆಮೇಲೆ ಹೇಳಿದ್ದು ಒಂದೇ ವಾಕ್ಯ: "ಗಾಡಿ ನಿಂತಿತು." ಉಳಿದದ್ದನ್ನೆಲ್ಲ ಬೇರೆಯವರು ಸೇರಿಸಿದರು. ಅಂದಿನಿಂದ ಚಿಕ್ಕಪ್ಪ ಯಾವ ಗಾಡಿಯನ್ನೂ ಓಡಿಸಿಲ್ಲ. ಎಸ್ಪ್ಲನೇಡಿನ ತನಕ ಬಸ್ಸಿನಲ್ಲಿ ನಿಂತೇ ಹೋಗುತ್ತಾರೆ. ಪುಣ್ಯದ ಸಾವಿನ ಕಥೆ ಶುರುವಾದರೆ ಊಟದ ನಡುವೆಯೇ ಕೈ ತೊಳೆಯಲು ಎದ್ದುಬಿಡುತ್ತಾರೆ. ಆ ಕಥೆಯಿಂದ ಅಮ್ಮನಿಗೆ ಸಮಾಧಾನ ಸಿಕ್ಕಿತು. ಚಿಕ್ಕಪ್ಪನಿಗೆ ಸಿಕ್ಕದ್ದು ಬೇರೇನೋ, ತಪ್ಪು ತನ್ನದೇ ಎಂಬಂಥದ್ದು.

ಅವರನ್ನು ಅದರಿಂದ ಬಿಡಿಸುತ್ತೇನೆ ಎಂದು ಹೊರಟವಳು ನಾನು. ಓದಿ ತಿಳಿದದ್ದು ಇಷ್ಟು: ಎಂಜಿನ್ ತಿರುಗುತ್ತಿದೆ ಎಂಬ ಸುದ್ದಿಯನ್ನು ಅದರ ಕಂಪ್ಯೂಟರಿಗೆ ಮುಟ್ಟಿಸುವ ಕ್ರ್ಯಾಂಕ್ ಸೆನ್ಸರ್ ಎಂಬುದೊಂದಿದೆ. ಹಳತಾದರೆ ಬಿಸಿಗೆ ಅದು ಮೂಕವಾಗುತ್ತದೆ. ಸುದ್ದಿ ನಿಂತರೆ ಎಂಜಿನ್ನೂ ನಿಲ್ಲುತ್ತದೆ. ತಣ್ಣಗಾದರೆ ಏನೂ ಆಗದಂತೆ ಮತ್ತೆ ಹೊರಡುತ್ತದೆ. ಬೇಸಿಗೆ, ಸೇತುವೆಯ ಏರು, ಹಳೇ ಕಾರು. ಇನ್ನೇನು ಬೇಕು? ಆ ಕೆಟ್ಟ ಸೆನ್ಸರನ್ನು ಚಿಕ್ಕಪ್ಪನ ಅಂಗೈಯಲ್ಲಿಟ್ಟು, "ನಿಲ್ಲಿಸಿದ್ದು ಇದು, ನೀವಲ್ಲ" ಎನ್ನಬೇಕಿತ್ತು. ಒಂದು ವರ್ಷದಿಂದ ನಾನು ಆ ಕಾರನ್ನು ಓಡಿಸುತ್ತಿದ್ದರೂ ಅದು ಒಮ್ಮೆಯೂ ಹಾಗೆ ನಿಂತಿರಲಿಲ್ಲ. ನನ್ನ ವಾದದಲ್ಲಿ ಅದೇ ದುರ್ಬಲ ಜಾಗ. ಹಾಗಾಗಿ ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ.

ಗ್ಯಾರೇಜಿಗೆ ಕೊಡಬಹುದಿತ್ತು. ಸಾಕ್ಷಿಯನ್ನು ಬೇರೆಯವರ ಕೈಗೆ ಕೊಡುವುದುಂಟೇ? ಒಂದು ಭಾನುವಾರ ಬೆಳಿಗ್ಗೆ ನಾನೇ ಬಾನೆಟ್ ಎತ್ತಿದೆ. ಆ ಸೆನ್ಸರ್ ಇರುವ ಜಾಗವನ್ನು ನೀವು ನೋಡಬೇಕಿತ್ತು ಎನ್ನೋಣವೆಂದರೆ ಅದನ್ನು ನೋಡಲು ಬರುವುದೇ ಇಲ್ಲ. ಎಂಜಿನ್ನಿನ ಬೆನ್ನಿಗೆ, ಗೇರ್‌ಬಾಕ್ಸ್ ಕೂಡುವ ಕಡೆ, ಎಲ್ಲ ಕೊಳವೆಗಳ ಕೆಳಗೆ. ಮೊದಲು ಸೆನ್ಸರನ್ನು ಗಾಳಿಯಲ್ಲಿ ತೂಗುಹಾಕಿ ಆಮೇಲೆ ಅದರ ಸುತ್ತ ಕಾರು ಕಟ್ಟಿರಬೇಕು ಪುಣ್ಯಾತ್ಮರು. ಮೇಲಿನಿಂದ ಹೋದರೆ ಮೊಣಕೈ ಸಿಕ್ಕಿಕೊಳ್ಳುತ್ತದೆ. ಕೆಳಗಿನಿಂದ ಹೋದರೆ ಕಣ್ಣಿಗೆ ಮಣ್ಣು. ಬೆರಳು ತಲುಪಿದರೆ ಸ್ಪ್ಯಾನರ್ ತಲುಪುವುದಿಲ್ಲ, ಸ್ಪ್ಯಾನರ್ ತಲುಪಿದರೆ ತಿರುಗಿಸಲು ಜಾಗವಿಲ್ಲ. ಕಲಿತ ಕನ್ನಡದ ಬೈಗುಳಗಳೆಲ್ಲ ಬೇಗ ಮುಗಿದು ಬಂಗಾಳಿಗೆ ಇಳಿದೆ. ನಮ್ಮ ಬಾಲ್ಕನಿಯಿಂದ ಅಮ್ಮ, "ಪಾಡಾದವರು, ನೆರೆಕರೆಯವರೆಲ್ಲ ಕೇಳ್ತಿದ್ದಾರೆ, ಸ್ವಲ್ಪ ಮೆಲ್ಲ ಬೈ!" ಎಂದಳು.

ಕೆನ್ನೆಯನ್ನು ಕಾರಿಗೆ ಒತ್ತಿ, ಕಾಣದ ಕತ್ತಲಲ್ಲಿ ತೋಳು ಇಳಿಸಿ ಬೆರಳಿಂದ ತಡಕುತ್ತಿದ್ದಾಗ ಒಂದು ವಿಚಿತ್ರವಾಯಿತು. ನಾಲ್ಕೈದು ದಿನದಿಂದ ಓಡಿಸದ ಎಂಜಿನ್, ಇನ್ನೂ ಬಿಸಿಲು ತಾಗದ ಅಂಗಳ. ಆದರೂ ಅಲ್ಲೊಂದು ಕಡೆ ಬೆಚ್ಚಗಿತ್ತು. ಯಾರೋ ಆಗಷ್ಟೇ ಕೈ ಇಟ್ಟು ತೆಗೆದ ಹಾಗೆ. ಕೈ ಎಳೆದುಕೊಂಡು ನೋಡಿದರೆ ಮಣಿಕಟ್ಟು ಗೀರಿ ರಕ್ತ ಬರುತ್ತಿತ್ತು. ಬೆಚ್ಚಗಿದ್ದದ್ದು ನನ್ನದೇ ರಕ್ತ. ನೋಡಿ, ಕಾರಣ ಹುಡುಕಿದರೆ ಸಿಗುತ್ತದೆ. ಆದರೂ ಮತ್ತೆ ಕೈ ಇಳಿಸುವ ಮೊದಲು, ಏನೂ ಕಾಣದೆಂದು ಗೊತ್ತಿದ್ದೂ, ಟಾರ್ಚ್ ಹಾಕಿ ಒಳಗೆ ಇಣುಕಿದೆ.

ಮಧ್ಯಾಹ್ನಕ್ಕೆ ಸೆನ್ಸರ್ ಹೊರಬಂತು. ಅಡುಗೆಮನೆಯಲ್ಲಿ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ವೈರುಗಳನ್ನು ಹೊರಗೆ ಬಿಟ್ಟು, ಕುದಿಯುವ ನೀರಿಗೆ ಇಳಿಸಿ ಮೀಟರ್ ಹಿಡಿದೆ.

"ಅದು ಸಾರಿನ ಪಾತ್ರೆ," ಎಂದಳು ಅಮ್ಮ.

"ತೊಳೆದು ಕೊಡ್ತೇನೆ."

"ಎಂತ ಹೇಳ್ತದೆ ಅದು?"

ನನಗೆ ಬೇಕಾದ್ದನ್ನು ಅದು ಹೇಳಲಿಲ್ಲ. ಮೀಟರು ತೋರಿಸಿದ್ದೆಲ್ಲ ಇರಬೇಕಾದ ಹಾಗೇ ಇತ್ತು. ನೀರು ಬತ್ತುವ ತನಕ ಕುದಿಸಿದರೂ ಸೆನ್ಸರ್ ಕೆಡಲಿಲ್ಲ.

ಸೋತೆ ಎಂದು ಒಪ್ಪುವ ಜಾತಿ ನನ್ನದಲ್ಲ. ಕೊಂಡು ತಂದಿದ್ದ ಹೊಸದನ್ನು ಬಿಟ್ಟು ಹಳೆಯದನ್ನೇ ಮತ್ತೆ ಕೂರಿಸಿ, ಉರಿಬಿಸಿಲಿನ ಒಂದು ಮಧ್ಯಾಹ್ನ ಅದೇ ದಾರಿಯಲ್ಲಿ ಹೋಗಿ ನೋಡುವುದೆಂದು ತೀರ್ಮಾನಿಸಿದೆ. ನಿಂತರೆ ಚಿಕ್ಕಪ್ಪನ ಕಣ್ಣೆದುರೇ ನಿಲ್ಲಲಿ.

"ನಾನು ಯಾಕೆ ಮಾರಾಯ್ತಿ?" ಎಂದರು ಚಿಕ್ಕಪ್ಪ, ಕರೆದಾಗ.

"ನೀವು ಬರೀ ಕೂತ್ಕೊಳ್ಳಿ ಚಿಕ್ಕಪ್ಪ. ಅದು ಹೇಗೆ ನಿಂತದ್ದಂತ ಇವತ್ತು ಗೊತ್ತಾಗ್ತದೆ."

ಅವರು ನನ್ನ ಮುಖವನ್ನು ಒಂದು ಥರ ನೋಡಿದರು. ಆಗ ನನಗದು ಅರ್ಥವಾಗಲಿಲ್ಲ. ಬಂದು ಅಪ್ಪನ ಸೀಟಿನಲ್ಲಿ ಕೂತರು. ಎರಡು ಕೈಗಳನ್ನೂ ತೊಡೆಗಳ ನಡುವೆ ಇಟ್ಟುಕೊಂಡರು. ಆಲಿಪುರ ದಾಟಿದೆವು. ಸೇತುವೆ ಹತ್ತಿದೆವು. ಇಳಿದೆವು.

ಧಪ್ ಧಪ್.

ಕಾರು ನಿಧಾನವಾಗುತ್ತಾ ಬಂತು. ನಿಂತಿತು, ನಿಂತಿತು ಎಂದುಕೊಂಡೆ. ಎಂಜಿನ್ನಿನ ಓಟ ತೋರಿಸುವ ಮುಳ್ಳು ನೋಡಿದೆ. ಎಂಜಿನ್ ಹಾಯಾಗಿ ಓಡುತ್ತಿತ್ತು, ಕೆಟ್ಟದ್ದು ಏನೂ ಇರಲಿಲ್ಲ. ಮೇಲೆದ್ದಿದ್ದು ನನ್ನ ಕಾಲು.

ಯಾವುದೋ ಬಸ್ಸಿನ ಕಂಡಕ್ಟರು ತಗಡು ಬಡಿದಿರಬೇಕು. ಆ ರಸ್ತೆಯಲ್ಲಿ ಬಸ್ಸಿಗೇನು ಬರ? ಬಿಸಿಲಿಗೆ ಹಳೆಯ ಡ್ಯಾಶ್‌ಬೋರ್ಡ್ ಸದ್ದು ಮಾಡುವುದೂ ಉಂಟು. ಎರಡೂ ಒಳ್ಳೆಯ ಕಾರಣಗಳೇ. ಆದರೆ ಕನ್ನಡಿಯಲ್ಲಿ ಕಂಡದ್ದು ಹಿಂದಿನ ಒಂದು ಟ್ಯಾಕ್ಸಿ, ಮುಂದೆ ಖಾಲಿ ರಸ್ತೆ, ಬಸ್ಸೇ ಇರಲಿಲ್ಲ. ಚಿಕ್ಕಪ್ಪನ ಕೈಗಳು ತೊಡೆಯ ನಡುವೆ ಇದ್ದಲ್ಲೇ ಇದ್ದವು. ಅವರು ರಸ್ತೆಯನ್ನೂ ನೋಡುತ್ತಿರಲಿಲ್ಲ, ಗುಡಿಯ ಕಡೆಗೂ ನೋಡುತ್ತಿರಲಿಲ್ಲ. ಬಗ್ಗಿ ನನ್ನ ಬಲಗಾಲನ್ನು ನೋಡುತ್ತಿದ್ದರು.

"ಹೋಗು ಮಗಾ," ಎಂದರು ಕೊನೆಗೆ. "ಹಿಂದಿನವ ಹಾರ್ನ್ ಹೊಡೀತಿದ್ದಾನೆ."

ಈಗಲೂ ಭಾನುವಾರ ಅವರು ಊಟಕ್ಕೆ ಕೆಳಗೆ ಬರುತ್ತಾರೆ. ಈ ಮೇಜಿನ ಹತ್ತಿರ ನಿಂತು, ಪೊಟ್ಟಣವನ್ನು ಅಂಗೈಯಲ್ಲಿ ತೂಗಿ, ಇದ್ದ ಜಾಗದಲ್ಲೇ ಇಟ್ಟು ಹೋಗುತ್ತಾರೆ. ಕಥೆ ಹೇಳುವವರ ಜೊತೆ ನಾನೀಗ ಜಗಳಕ್ಕೆ ಹೋಗುವುದಿಲ್ಲ. ಚಿಕ್ಕಪ್ಪನ ಹಾಗೆ ಕೈ ತೊಳೆಯಲು ಎದ್ದು ಹೋಗುತ್ತೇನೆ. ಚರ್ಚೆಯ ವೇದಿಕೆಯಲ್ಲಿ ನಾನು ಪ್ರಶ್ನೆ ಕೇಳುತ್ತಿದ್ದದ್ದು ಎದುರಿನವರನ್ನು ಕೂರಿಸಲಿಕ್ಕೆ. ಈ ಪ್ರಶ್ನೆ ಹಾಗಲ್ಲ, ಬಾಯಿಗೆ ಬಂದು ಬಂದು ಹಿಂದೆ ಹೋಗುತ್ತಿದೆ. ನಾನು ಬರೆದದ್ದನ್ನೆಲ್ಲ ಮೊದಲು ಓದುವವರು ಚಿಕ್ಕಪ್ಪನೇ ಆದ್ದರಿಂದ ಇಲ್ಲಿ ಕೇಳುತ್ತಿದ್ದೇನೆ.

ಚಿಕ್ಕಪ್ಪ, ಅವತ್ತು ಸೇತುವೆ ಇಳಿದಾಗ ಅಪ್ಪ ತಟ್ಟಿದರಾ?