ಕಪ್ಪು ಬಿಯರಿನ ವಯಸ್ಸು

ವೆಲ್ಲಿಂಗ್ಟನ್ನಿನ ನಾಲ್ಕಾರು ಕನ್ನಡ ಮನೆಗಳಲ್ಲಿ ನಾನು ತಾಳ್ಮೆಯ ಮನುಷ್ಯನೆಂದು ಹೆಸರಾಗಿದ್ದೇನೆ. ಅದು ತಾಳ್ಮೆಯಲ್ಲ, ಹಟ ಎಂಬುದು ನನ್ನ ಹೆಂಡತಿ ವನಜಾಳಿಗೆ ಮಾತ್ರ ಗೊತ್ತು.

ಗೆಳೆಯ ನಾಗೇಶ ಮತ್ತು ನಾನು ಒಂದು ವಸಂತದಲ್ಲಿ ನಮ್ಮ ಗ್ಯಾರೇಜಿನಲ್ಲಿ ಕಪ್ಪು ಬಿಯರ್ ಮಾಡಿದೆವು. ಅವನು ಮೈಸೂರಿನವನು, ನಾನು ಧಾರವಾಡದವನು. ಕಾಫಿ-ಚಹಾದ ವಿಷಯದಲ್ಲೇ ಒಮ್ಮತವಿಲ್ಲದವರು ಬಿಯರಿನಲ್ಲಿ ಒಂದಾಗಿದ್ದೆವು. ಹುರಿದ ಬಾರ್ಲಿ ಕುದಿಸಿದ ದಿನ ಮನೆಯೆಲ್ಲ ಸೀದ ರೊಟ್ಟಿಯ ವಾಸನೆ. ಕೆಲವು ವಾರ ಬಿಟ್ಟು ಮೊದಲ ಬಾಟಲಿ ತೆರೆದೆವು. ಕಾಫಿ ಚರಟವನ್ನು ಇದ್ದಿಲಿನ ಜೊತೆ ಅರೆದಂತಿತ್ತು.

"ಕುಡಿದು ಮುಗಿಸೋಣ ಕಣೋ. ಇನ್ನೊಂದ್ಸಲ ಮಾಡಿದ್ರಾಯ್ತು," ಎಂದ ನಾಗೇಶ.

"ಇದು ಇಟ್ಟಷ್ಟೂ ಮಾಗತದ. ನಮ್ಮ ಅರಿಷ್ಟ ಇದ್ದಂಗ," ಎಂದು ನಾನು ಆಯುರ್ವೇದವನ್ನೇ ಸಾಕ್ಷಿಗೆ ಕರೆದೆ.

ಮಾತು ಬೆಳೆಯಿತು. ಧಾರವಾಡದವರಿಗೆ ಉಪದೇಶ ಬಿಟ್ಟರೆ ಬೇರೇನೂ ಬರದು ಎಂದು ಅವನು, ಮೈಸೂರಿನವರ ನಾಲಿಗೆಗೆ ಸಕ್ಕರೆ ಬಿಟ್ಟರೆ ಬೇರೇನೂ ತಿಳಿಯದು ಎಂದು ನಾನು. ಅವನು ತನ್ನ ಪಾಲಿನ ಬಾಟಲಿಗಳನ್ನು ಕಾರಿಗೆ ಹಾಕಿಕೊಂಡು ಹೋದ. ಆಮೇಲೆ ಆಫೀಸಿಗೆ ಒಂದೇ ರೈಲು, ಬೇರೆ ಬೇರೆ ಬೋಗಿ.

ಬಿಯರು ಮಾತ್ರ ನನ್ನ ಮಾತು ಉಳಿಸಿತು. ಬೇಸಿಗೆ ಮುಗಿಯುವಷ್ಟರಲ್ಲಿ ಇದ್ದಿಲು ಹೋಗಿ ಚಾಕೊಲೇಟು ಬಂತು. ಚಳಿಗಾಲದಲ್ಲಿ, ದಕ್ಷಿಣದ ಗಾಳಿ ಕಿಟಕಿಗಳನ್ನು ಅಲ್ಲಾಡಿಸುತ್ತಿದ್ದ ಒಂದು ಸಂಜೆ, ಹಳೆ ಬೆಲ್ಲ ಬಂತು, ಒಣದ್ರಾಕ್ಷಿ ಬಂತು. ಕಹಿ ಒಳ್ಳೆಯ ನೆಂಟನಂತೆ ಮುಖ ತೋರಿಸಿ ಹೊರಟುಹೋಯಿತು. ನಾನೇ ಸರಿ ಎಂದು ಸಾರಲು ಎದುರಿಗೆ ಯಾರೂ ಇರಲಿಲ್ಲ. ವನಜಾ ಬಿಯರನ್ನು ಮೂಸಿಯೂ ನೋಡುವವಳಲ್ಲ.

"ಅವರಿಗೆ ಫೋನ್ ಮಾಡ್ರಿ," ಎಂದಳು.

"ಬೇಕಾದ್ರ ಅವನೇ ಮಾಡ್ಲಿ."

ಕೊನೆಗೆ ಒಂದೇ ಬಾಟಲಿ ಉಳಿಯಿತು. ನಾಗೇಶ ಸೋಲೊಪ್ಪಿಕೊಳ್ಳುವ ದಿನಕ್ಕೆಂದು ಅದನ್ನು ಎತ್ತಿಟ್ಟೆ. ಇನ್ನೊಂದು ಬೇಸಿಗೆ ಹೋಯಿತು, ಇನ್ನೊಂದು ಚಳಿಗಾಲವೂ. ನಮ್ಮಿಬ್ಬರ ಘನತೆಯನ್ನು ನೋಡಿ ಸಾಕಾಗಿ ವನಜಾಳೇ ಅವನನ್ನು ಊಟಕ್ಕೆ ಕರೆದಳು.

ಬಂದ. ನಾನು ತೀರ್ಥ ಕೊಡುವವನ ಗಾಂಭೀರ್ಯದಿಂದ ಆ ಬಾಟಲಿಯನ್ನು ಗ್ಲಾಸುಗಳಿಗೆ ಸುರಿದೆ. ನೊರೆಯೇ ಏಳಲಿಲ್ಲ. ಅವನು ಒಂದು ಗುಟುಕು ಕುಡಿದು ನನ್ನ ಮುಖ ನೋಡಿದ.

"ಸೋಯಾ ಸಾಸ್ ಅಲ್ವೇನೋ ಇದು?"

ನಾನೂ ಕುಡಿದೆ. ಸೋಯಾ ಸಾಸೇ. ಜೊತೆಗೆ ನೆನೆದ ರಟ್ಟಿನ ವಾಸನೆ.

"ಹೋದ ವರ್ಷ ಭಾಳ ಚಲೋ ಇತ್ತೋ," ಎಂದೆ. ನನ್ನ ದನಿ ನನಗೇ ಅಳುವಿನಂತೆ ಕೇಳಿಸಿತು.

"ಆಗ್ಲೇ ಕರೀಬಾರ್ದಿತ್ತಾ?"

ಅವನೇ ಮೊದಲು ನಕ್ಕ, ಆಮೇಲೆ ನಾನು. ನಗು ನಿಂತ ಮೇಲೆ ಅವನು ತನ್ನ ಪಾಲಿನ ಬಿಯರ್ ಅಮೃತದಂತಿತ್ತೆಂದು ವರ್ಣಿಸತೊಡಗಿದ. ತಿಂಗಳೊಳಗೇ ಕುಡಿದು ಮುಗಿಸಿದ್ದು ಅವನ ನೆನಪಿನಲ್ಲಿ ಸೊಗಸಾಗಿ ಮಾಗಿತ್ತು. ನಾನು ಎದುರಾಡದೆ ಹೂಂಗುಟ್ಟಿದೆ.

ವನಜಾ ಗ್ಲಾಸುಗಳಲ್ಲಿದ್ದುದನ್ನು ಸಿಂಕಿಗೆ ಸುರಿದು, ಇಬ್ಬರ ಮುಂದೆ ಚಹಾ ಇಟ್ಟಳು.

"ಬಿಸಿ ಇದ್ದಾಗ ಕುಡೀರಿ. ಇದು ಇಟ್ಟರ ಮಾಗೂದಿಲ್ಲ."