ಭಾವನ ಕಪಾಟಿನ ಬಿಜಾಗರಿ

ನಾನೇ ಮಾಡಿದ ಪುಟ್ಟ ಕಪಾಟಿನ ಬಾಗಿಲು ತಿರುಗಲು ಬೇಕಾದ ಬಿಜಾಗರಿ ಆರಿಸಲು ಹಾವೇರಿಯ ಅಂಗಡಿಗೆ ಹೋಗಿದ್ದೆ. ಅಂಗಡಿಯಾತ ಕಾಗದ ಬಿಚ್ಚಿದ್ದೇ ತಡ, ಹೊಸ ಕಬ್ಬಿಣದ ಎಣ್ಣೆ ವಾಸನೆಗೆ ರಾಣೆಬೆನ್ನೂರಿನ ನನ್ನ ಭಾವ ನೆನಪಾದರು. ನೀವು ಅವರನ್ನು ನೋಡಿಲ್ಲ, ಪುಣ್ಯವಂತರು.

ಅಕ್ಕನ ಗಂಡನಾದ ಈ ಮಹಾಶಯರು ನಿವೃತ್ತರಾದ ಮೇಲೆ, ಜಗತ್ತಿನ ಬಡಿಗರೆಲ್ಲ ದಡ್ಡರೆಂಬುದನ್ನು ಮೊಬೈಲಿನಲ್ಲಿ ಕಂಡುಕೊಂಡರು. ತಾವೇ ಕಪಾಟು ಮಾಡಲು ಕೂತರು. ಅದೂ ಎಂಥದ್ದು? ಬಾಗಿಲು ಚೌಕಟ್ಟಿನ ಒಳಗೇ ಸಪಾಟಾಗಿ ಕೂರುವಂಥದ್ದು. ಕೂದಲೆಳೆ ತಪ್ಪಿದರೂ ಅಂಥ ಬಾಗಿಲು ಉಜ್ಜುತ್ತದೆ. ಹಿತ್ತಾಳೆಯ ಸಾದಾ ಬಿಜಾಗರಿ ಸಾಕೆಂದು ಅಕ್ಕ ಹೇಳಿದಳು.

“ಹೊರಗ ಬಿಜಾಗರಿ ಕಂಡ್ರ ಅದು ಕಪಾಟಲ್ಲ, ದನದ ಮನಿ ಬಾಗಲಾ,” ಎಂದರು ಭಾವ.

ಒಳಗೆ ಅಡಗುವ ಸ್ಪ್ರಿಂಗಿನ ಬಿಜಾಗರಿ ತಂದರು. ಅದು ಚೌಕಟ್ಟಿನ ಮೇಲೆ ಕೂರುವ ಬಾಗಿಲಿನದು, ಒಳಗೆ ಕೂರುವುದಕ್ಕೆ ಹೊಂದದು. ಅದಕ್ಕೇನಂತೆ! ಹಿಂದೆ ಹಲಗೆ ಚೂರು, ಹಳೆಯ ಲಗ್ನಪತ್ರಿಕೆ ತುರುಕಿ ಹೇಗೋ ಕೂರಿಸಿದರು. ಬಂದವರಿಗೆಲ್ಲ ಒಂದೇ ಬೆರಳಿನಿಂದ ಮುಚ್ಚಿ ತೋರಿಸುವರು. ಕಿರ್ ಎಂದರೆ ಮಳೆಯ ತಪ್ಪು, ಕಟ್ಟಿಗೆಯ ತಪ್ಪು, ಕೊನೆಗೆ ಅಕ್ಕನ ತಪ್ಪು.

ಅಕ್ಕನ ಮಗಳ ನಿಶ್ಚಯಕ್ಕೆ ಬ್ಯಾಡಗಿಯ ಬೀಗರು ಬಂದ ದಿನ ಬಾಗಿಲು ಜೋತುಬಿದ್ದು ಕಚ್ಚಿಕೊಂಡಿತು. ಹುಡುಗಿಯ ಸೀರೆ ಒಳಗೆ. ಸಾದಾ ಬಿಜಾಗರಿಯಾಗಿದ್ದರೆ ಹೊರಗಿನಿಂದಲೇ ಅದರ ನಡುವಿನ ಕಡ್ಡಿ ಬಡಿದು ಕೀಳಬಹುದಿತ್ತು. ಇಲ್ಲಿ ತಿರುಪುಗಳೂ ಒಳಗೇ. ಗಾಳಿಯಾಡಿದರೆ ತಾನೇ ಬಿಡುತ್ತದೆಂದು ಹೇಳಿ ಭಾವ ಬೀಗರೆದುರು ಕಪಾಟಿನ ಗುಣಗಾನಕ್ಕೆ ಕೂತರು.

ಹಿಂಬದಿಯಿಂದ ತೆರೆಯೋಣವೆಂದು ಅಕ್ಕ, ನಾನು ಇಬ್ಬರೂ ಕಪಾಟು ತಿರುಗಿಸಲು ನೋಡಿದೆವು, ಅಲುಗಲಿಲ್ಲ. ಆಗ ಹುಡುಗನ ತಾಯಿ ಚಹಾ ಕೆಳಗಿಟ್ಟು ಎದ್ದು ಬಂದು ಸೆರಗು ಸಿಕ್ಕಿಸಿದರು.

“ಆ ಕಡೆ ನೀವು ಹಿಡೀರಿ.”

ಅಕ್ಕ ಹಾರೆ ಹಾಕಿ ಹಿಂದಿನ ಹಲಗೆ ಕಿತ್ತಳು. ಸೀರೆ ಸಿಕ್ಕಿತು, ಸಂಬಂಧವೂ ಗಟ್ಟಿಯಾಯಿತು. ಕಪಾಟು ಇಂದಿಗೂ ಗೋಡೆಗೆ ಮುಖ ಮಾಡಿ ನಿಂತಿದೆ. ಅಕ್ಕ ಬೆನ್ನಿನಿಂದಲೇ ಬಟ್ಟೆ ತೆಗೆಯುತ್ತಾಳೆ.

ನಾನು ಸಾದಾ ಬಿಜಾಗರಿಯನ್ನೇ ತಂದು ಕೂರಿಸಿದೆ. ಆದರೂ ಬಾಗಿಲು ಕೆಳಗೆ ಉಜ್ಜಿತು. ಅಕ್ಕನಿಗೆ ಫೋನಿನಲ್ಲಿ ಹೇಳಿದ್ದಷ್ಟೇ, ಮರುದಿನ ಭಾವ ಉಜ್ಜುಗೊರಡು ಹಿಡಿದು ಬಸ್ಸಿಳಿದರು. ಉಪದೇಶ ಕೇಳಲು ಮೈ ಗಟ್ಟಿ ಮಾಡಿಕೊಂಡೆ. ಅವರು ನೆಲಕ್ಕೆ ಕೂತು, ತುಟಿ ಬಿಚ್ಚದೆ ಅಂಚು ಹೆರೆದರು. ಬಾಗಿಲು ಸರಿಯಾಗಿ ಕೂತಿತು. ಇಷ್ಟು ವರ್ಷ ಕಾದಿಟ್ಟ ಕೊಂಕು ಮಾತು ಬಿಟ್ಟು ಅವರಿಗೆ ಚಹಾ ತಂದಿಟ್ಟೆ.

“ಬ್ಯಾರೆ ಯಾವ್ದರ ಬಾಗಲಾ ಐತೇನವಾ?” ಎಂದು ಕೇಳಿದರು, ಮೆಲ್ಲಗೆ.

ಉಜ್ಜುವ ಬಾಗಿಲು ಬೇರೆ ಇರಲಿಲ್ಲ. ಅಡುಗೆಮನೆಯದು ಉಜ್ಜುತ್ತದೆ ಎಂದು ಸುಳ್ಳು ಹೇಳಿದೆ. ಅವರು ಅದನ್ನು ಬಿಚ್ಚಿ ಮತ್ತೆ ಕೂರಿಸಿ ಹೋದಮೇಲೆ ಈಗ ನಿಜಕ್ಕೂ ಉಜ್ಜುತ್ತಿದೆ.