ಕಪ್ಪೆ ಕಾರಿನ ಕ್ಯಾರಿಯರ್

ಆಗೆಲ್ಲ ನಮ್ಮ ಕಡೆ ಊರೊಳಕ್ಕೆ ಕಾರು ಬಂತೆಂದರೆ ಒಂದೋ ಮದುವೆ, ಇಲ್ಲವೇ ಓಟು. ಅಂಥ ಕಾಲದಲ್ಲಿ ಹೊಳೆನರಸೀಪುರದ ಮಗ್ಗುಲಿನ ನಮ್ಮ ಹಳ್ಳಿಯಲ್ಲಿ ಅಪ್ಪನ ಬಳಿ ಸ್ವಂತದ್ದೊಂದು ಕಾರಿತ್ತು. ಸಾಹುಕಾರಿಕೆಯಿಂದ ಬಂದದ್ದೇನಲ್ಲ. ಹಾಸನದ ವಯಸ್ಸಾದ ವಕೀಲರೊಬ್ಬರು ಕಣ್ಣು ಮಂಜಾಗಿ ಓಡಿಸಲಾರದೆ ಬಿಟ್ಟಿದ್ದ, ಷೆಡ್ಡಿನಲ್ಲಿ ಕೋಳಿ ಕಾವಿಗೆ ಕೂರುತ್ತಿದ್ದ ಹಳೇ ಗಾಡಿ ಅದು. ಗುಂಡಗಿನ ಬೆನ್ನು, ಕಣ್ಣುಗುಡ್ಡೆಯ ಹಾಗೆ ಉಬ್ಬಿದ ಎರಡು ದೀಪ. ಅದರ ಇಂಗ್ಲಿಷ್ ಹೆಸರು ಯಾರ ನಾಲಿಗೆಗೂ ಹೊರಳದೆ ಊರವರು ಕಪ್ಪೆ ಕಾರು ಎಂದರು, ನಾವೂ ಹಾಗೇ ಅಂದೆವು. ಒಳಗೆ ಕೂತರೆ ಪೆಟ್ರೋಲು, ರೆಕ್ಸಿನ್ನು, ಕೋಳಿಪುಕ್ಕ ಮೂರೂ ಕಲೆತ ವಾಸನೆ. ಡಿಕ್ಕಿ ತೆರೆದರೆ ಸ್ಟೆಪ್ನಿಯೇ ಜಾಗವನ್ನೆಲ್ಲ ಹಿಡಿದು ಕೂತಿರುತ್ತಿತ್ತು.

ಆ ಬೇಸಗೆಯಲ್ಲಿ ಅವ್ವ ಅಟ್ಟದಿಂದ ಬಿದ್ದಳು. ಬಿತ್ತನೆಗೆಂದು ಹರಡಿದ್ದ ಆಲೂಗೆಡ್ಡೆಯಲ್ಲಿ ಕೊಳೆತದ್ದನ್ನು ಆರಿಸಿ, ಮೊರದಲ್ಲಿ ಹಿಡಿದು ಇಳಿಯುತ್ತಿದ್ದಾಗ ಏಣಿಯ ಮೆಟ್ಟಿಲು ಮುರಿಯಿತು. ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದ ಅಕ್ಕತಂಗಿಯರು, ನಾನೂ ಲತಾಳೂ, ಓಡಿ ಬಂದು ನೋಡಿದರೆ ಅವ್ವ ಅಳುತ್ತಿರಲಿಲ್ಲ. ಬೇರೆ ಯಾರದೋ ಕಾಲನ್ನು ನೋಡುವಂತೆ ತನ್ನ ಬಲಗಾಲನ್ನು ನೋಡುತ್ತಿದ್ದಳು. ತೊಡೆಯ ಮೂಳೆ ಮುರಿದಿತ್ತು. ಹಾಸನದ ಆಸ್ಪತ್ರೆಯಲ್ಲಿ ಕಾಲಿಗೆ ತೂಕ ಕಟ್ಟಿ ಮಲಗಿಸಿದರು. ಮೂಳೆ ಸರಿಯಾಗಿ ಕೂತ ಮೇಲೆ ತೊಡೆಯ ಬುಡದವರೆಗೂ ಸಿಮೆಂಟ್ ಕಟ್ಟು ಹಾಕಿ ಮನೆಗೆ ಕಳಿಸುತ್ತೇವೆ, ಮತ್ತೆ ನಡೆಯುವುದು ಆಮೇಲಿನ ಮಾತು ಎಂದರು ಡಾಕ್ಟರು. 

ಬಾಗೂರಿನಿಂದ ಅವ್ವನ ಅಣ್ಣ, ನಮ್ಮ ದೊಡ್ಡ ಮಾವ, ನೋಡಲು ಬಂದ. ವಾರ್ಡಿನಲ್ಲಿ ನಿಂತೇ ತೀರ್ಮಾನ ಹೇಳಿಬಿಟ್ಟ.

"ಕಟ್ಟು ಬಿಚ್ಚೋಗಂಟ ಬಾಗೂರಲ್ಲೇ ಇರ್ಲಿ ಬುಡು ಬಾವ. ನಾನು ಟೆಂಪೊ ತತ್ತೀನಿ. ನಿನ್ನ ಕಪ್ಪೆನಾಗೆ ಎಂಗೆ ಕರ್ಕೊಂಡೋದೀಯ? ಇವಳ್ನ ಇಂದಿನ ಸೀಟ್ನಾಗೆ ಮಲಗ್ಸುದ್ರೆ ಸಾಮಾನು ಎಲ್ಲಿ ತುಂಬ್ತೀಯ, ತಲೆ ಮ್ಯಾಲಾ?"

ಪಕ್ಕದ ಮಂಚದವರು ನಕ್ಕರು. ಅಪ್ಪ ನಗಲಿಲ್ಲ. "ನಮ್ಮನೆಯೋಳ್ನ ನಮ್ಮನೆಗೆ ಕರ್ಕೊಂಡೋಗಾದು ನಂಗೊತ್ತು ಕಣ" ಅಂದ. ಅವ್ವ ಕಣ್ಣು ಮುಚ್ಚಿಕೊಂಡಿದ್ದಳು. ನಿದ್ದೆ ಬಂದಿರಲಿಲ್ಲ ಎಂದು ನನಗೆ ಗೊತ್ತಿತ್ತು.

ಅಪ್ಪ ಮೊದಲೇ ಕೂತಲ್ಲಿ ಕೂರದ ಮನುಷ್ಯ. ಅವ್ವ ಇಲ್ಲದ ಮನೆಯಲ್ಲಂತೂ ಬಾವಿಗೂ ಕೊಟ್ಟಿಗೆಗೂ ಸುಮ್ಮಸುಮ್ಮನೆ ಓಡಾಡುತ್ತಿದ್ದ. ಉಳಲು ಮಳೆ ಇಲ್ಲ, ಕಾಯಲು ಫಸಲಿಲ್ಲ. ಅವನು ತಿರುವಿದ ಮುದ್ದೆಯಲ್ಲಿ ಗಂಟು ಗಂಟು. ನಾವು ಉಪ್ಸಾರಿನಲ್ಲಿ ಅದ್ದಿ ನುಂಗುತ್ತಿದ್ದೆವು. ಮಾವನ ಮಾತು ಕೇಳಿ ಬಂದ ಮಾರನೆಯ ಬೆಳಗ್ಗೆ ಅಪ್ಪ ಹಿತ್ತಿಲಲ್ಲಿ ತುಕ್ಕು ಹಿಡಿದು ಬಿದ್ದಿದ್ದ ಕಬ್ಬಿಣದ ಮಂಚವನ್ನು ಅಂಗಳಕ್ಕೆ ಎಳೆದು ತಂದ.

"ಏನಪ್ಪಾ ಇದು?"

"ಕ್ಯಾರಿಯರ್ರು. ಬಸ್ಸಿನ ಮ್ಯಾಲಿರಲ್ವ, ಅಂಗೆ. ಅದರ ತುದಿ ಇಡ್ಕೊ ಮಗ."

ಅವ್ವ ಬಿದ್ದ ಮೇಲೆ ಸುಮ್ಮನೆ ಇರಲು ಹೇಳದೆ ಯಾರಾದರೂ ಒಂದು ಕೆಲಸ ಹೇಳಿದ್ದು ಅಂದೇ ಮೊದಲು. ನಾನು ಹಿಡಿದುಕೊಂಡೆ. ಗರಗಸದ ಬ್ಲೇಡು ಕಬ್ಬಿಣದ ಮೇಲೆ ಎಳೆದಾಡುವ ಸದ್ದು ಹಲ್ಲಿನ ಬೇರಿಗೆ ತಾಗುತ್ತಿತ್ತು. ಲತಾ ಕಿವಿ ಮುಚ್ಚಿಕೊಂಡು ಕಾರಿನ ಸುತ್ತ ಓಡುತ್ತಿದ್ದಳು. ಕಾರಿನ ಚಾವಣಿಯ ಎರಡೂ ಅಂಚಿಗೆ ಮಳೆನೀರು ಹರಿದುಹೋಗಲು ಬೆರಳಗಲದ ಕಾಲುವೆಯಿತ್ತು. ಕ್ಯಾರಿಯರಿನ ಕಾಲುಗಳು ಅಲ್ಲೇ ಕೂತು ಕಚ್ಚಿಕೊಳ್ಳಬೇಕು. ಅದಕ್ಕೆಂದು ಅಪ್ಪ ಕಬ್ಬಿಣದ ಪಟ್ಟಿಗಳನ್ನು ಬಚ್ಚಲ ಒಲೆಯ ಕೆಂಡದಲ್ಲಿ ಕಾಯಿಸಿ, ಕೆಂಪಗಾದಾಗ ಒರಳುಕಲ್ಲಿನ ಮೇಲಿಟ್ಟು ಬಡಿದು ಕೊಕ್ಕೆಯಾಗಿ ಬಗ್ಗಿಸಿದ. ಕಾರಿನ ಬಣ್ಣ ತರಚದಂತೆ ಕೊಕ್ಕೆಗಳಿಗೆ ಹಳೇ ಸೈಕಲ್ ಟ್ಯೂಬು ಕತ್ತರಿಸಿ ಸುತ್ತುವ ಕೆಲಸ ನನ್ನದು. ಮೇಲೆ ಅಡ್ಡಡ್ಡಲಾಗಿ ನೀಲಗಿರಿ ಮರದ ರೀಪರುಗಳನ್ನು ಬೋಲ್ಟು ಹಾಕಿ ಬಿಗಿದೆವು. ಕೊನೆಗೆ ಕೆಂಗಂದು ಬಣ್ಣ. ಅದರ ವಾಸನೆ ಅನ್ನಕ್ಕೂ ತಲೆದಿಂಬಿಗೂ ಹತ್ತಿತ್ತು. ಬಣ್ಣ ಆರಿತೇ ಎಂದು ನಾವಿಬ್ಬರೂ ಗಳಿಗೆಗೊಮ್ಮೆ ಮುಟ್ಟಿ ಮುಟ್ಟಿ, ಅದರ ತುಂಬ ನಮ್ಮ ಬೆರಳ ಗುರುತುಗಳು ಉಳಿದವು.

ಪರೀಕ್ಷೆಗೆಂದು ಎರಡು ಮೂಟೆ ರಾಗಿ ಹೇರಿ ಅರಕಲಗೂಡು ರಸ್ತೆಯ ಮಿಲ್ಲಿಗೆ ಹೊರಟೆವು. ಎದುರಾದವರೆಲ್ಲ ನಿಂತು ನೋಡುತ್ತಿದ್ದರು. "ಏನ್ ಗೌಡ್ರೇ, ಕಪ್ಪೆಗೆ ಕೊಂಬು ಬಂದದಲ್ಲ!" ಎಂದು ಒಬ್ಬ ಕೂಗಿದ. ಅಪ್ಪನ ಮುಖದಲ್ಲಿ ಎಷ್ಟೋ ದಿನದ ಮೇಲೆ ನಗು. ತಿರುವು ದಾಟುತ್ತಿದ್ದಂತೆ ಬೇಲಿಯಿಂದ ಕುರಿಮಂದೆ ರಸ್ತೆಗೆ ನುಗ್ಗಿತು. ಅಪ್ಪ ಬ್ರೇಕು ತುಳಿದ. ಕಾರು ನಿಂತಿತು, ಕ್ಯಾರಿಯರ್ ನಿಲ್ಲಲಿಲ್ಲ. ತಲೆಯ ಮೇಲೆ ಕರ್ರ್ ಎಂದು ಜಾರಿದ ಸದ್ದು, ಆಮೇಲೆ ಗಾಜಿನ ಮುಂದೆ ಕತ್ತಲೆ. ಮೂಟೆಗಳ ಸಮೇತ ಅದು ಬಾನೆಟ್ಟಿನ ಮೇಲೆ ಬಿದ್ದು, ರಾಗಿಯೆಲ್ಲ ರಸ್ತೆಗೆ ಸುರಿದು, ಕುರಿಗಳು ಮುಕ್ಕತೊಡಗಿದವು.

ಜನ ಸೇರಿದರು. ಬಾನೆಟ್ಟು ಬೋಗುಣಿಯಂತೆ ತಗ್ಗಾಗಿತ್ತು. ಲತಾ ಬಿಕ್ಕುತ್ತಾ, "ಅವ್ವ ಒಳಗಿದ್ದಿದ್ರೆ?" ಎಂದಳು. ಅಪ್ಪ ಹೋಗಿ ರಸ್ತೆಯ ಪಕ್ಕದ ಮೈಲಿಗಲ್ಲಿನ ಮೇಲೆ ಕೂತ. ಕೂತಲ್ಲಿ ಕೂರದ ಅಪ್ಪ ಹಾಗೆ ಅಲುಗದೆ ಕೂತದ್ದನ್ನು ನೋಡಿ ನಾನು ಕುರಿಗಳನ್ನು ಅಟ್ಟಿ ರಾಗಿ ಬಾಚತೊಡಗಿದೆ.

ಸುದ್ದಿ ನಮಗಿಂತ ಮುಂಚೆ ಹಾಸನ ಮುಟ್ಟಿತ್ತು. ಮುಂದಿನ ಭಾನುವಾರ ವಾರ್ಡಿಗೆ ಹೋದಾಗ ಮಾವ ಆಗಲೇ ಅಲ್ಲಿದ್ದ. "ಕಾಲು ಮುರುದದೆ, ಇನ್ನು ತಲೆ ಒಡೀಬೇಕಾ ಇವಳ್ದು?" ಎಂದು ದನಿ ಎತ್ತಿದ. ಅಪ್ಪ ಗೋಡೆ ನೋಡುತ್ತಿದ್ದ. ಅವ್ವ ಅಣ್ಣನಿಗೆ, "ಓಗಿ ಒಂದ್ ಕಾಪಿ ಕುಡ್ಕೊಂಡ್ ಬಾರಣ್ಣ" ಎಂದು ಹೊರಗೆ ಕಳಿಸಿದಳು. ಆಮೇಲೆ ಅಪ್ಪನ ಕೈಯನ್ನು ತನ್ನ ಹತ್ತಿರ ಎಳೆದುಕೊಂಡಳು. ನಾವು ಮಂಚದ ಕಾಲುದೆಸೆಯಲ್ಲೇ ಇದ್ದೆವು.

"ಕಾರಿನ ಮಾತಲ್ಲ ಕಣ್ರೀ" ಎಂದಳು ಮೆಲ್ಲಗೆ. "ನನ್ನ ಏಳ್ಸೋಕೆ, ಕೂರ್ಸೋಕೆ, ಮೈ ಒರ್ಸೋಕೆ ಎಂಗಸ್ರು ಬೇಕು. ನಮ್ಮನೇಲಿ ಯಾರವ್ರೆ? ಈ ಮಕ್ಕಳ ಕೈಲಿ ಆದದಾ? ಬಾಗೂರಲ್ಲಿ ನಮ್ಮವ್ವ ಅವ್ಳೆ, ಅತ್ತಿಗೆ ಅವ್ಳೆ. ನಾನು ಅಲ್ಗೇ ಓಯ್ತೀನಿ. ಮಕ್ಕಳೂ ಬರ್ಲಿ."

ಅಪ್ಪ "ಆಯ್ತು" ಅಂದ. ಅಷ್ಟೇ.

ವಾಪಸು ಬರುವಾಗ ದಾರಿಯುದ್ದಕ್ಕೂ ನನಗೆ ಅಳು ಬರುತ್ತಿತ್ತು, ಯಾರ ಪರವಾಗಿ ಅಳಬೇಕೆಂದು ತಿಳಿಯುತ್ತಿರಲಿಲ್ಲ. ಅವ್ವ ಹೇಳಿದ್ದು ಸರಿ ಎನಿಸುತ್ತಿತ್ತು; ಅಪ್ಪ ಆ ಖಾಲಿ ಮನೆಯಲ್ಲಿ ಗಂಟು ಮುದ್ದೆ ತಿನ್ನುವುದನ್ನು ನೆನೆದರೆ ತಡೆಯಲಾಗುತ್ತಿರಲಿಲ್ಲ. ಕ್ಯಾರಿಯರಿನ ಕಥೆ ಮುಗಿಯಿತು ಅಂದುಕೊಂಡೆ. ಬೆಳಗ್ಗೆ ಎದ್ದರೆ ಅಂಗಳದಲ್ಲಿ ಮತ್ತೆ ಅದೇ ಗರಗಸದ ಸದ್ದು.

"ಅವ್ವ ಬಾಗೂರಿಗೆ ಓಯ್ತಾಳಲ್ಲಪ್ಪ, ಇನ್ಯಾಕೆ ಇದು?"

"ಬಾಗೂರ್ಗೆ ಓಗಾಕೆ ಸಾಮಾನು ಬ್ಯಾಡ್ವ? ಇಡ್ಕೊ ಇಲ್ಲಿ."

ಈ ಸಲ ಅಪ್ಪ ಕ್ಯಾರಿಯರನ್ನು ಹಿಂದಕ್ಕೆ ಇನ್ನಷ್ಟು ಉದ್ದ ಮಾಡಿದ. ಮುಂಭಾಗದಿಂದ ಎರಡು ಸರಳುಗಳನ್ನು ಇಳಿಸಿ ಬಂಪರಿಗೆ ಬಿಗಿದ, ಹಿಂದೆಯೂ ಹಾಗೇ. ಆಮೇಲೆ ನಮ್ಮಿಬ್ಬರನ್ನೂ ಮೇಲೆ ಹತ್ತಿಸಿ, "ಅಲ್ಲಾಡ್ಸಿ, ಇನ್ನೂ ಜೋರಾಗಿ ಅಲ್ಲಾಡ್ಸಿ" ಅಂದ. ನಾವು ಕುಣಿದೆವು. ಕಾರೇ ಓಲಾಡಿತು, ಕ್ಯಾರಿಯರ್ ಜಪ್ಪಯ್ಯ ಅನ್ನಲಿಲ್ಲ. ಮತ್ತೆ ರಾಗಿ ಹೇರಿಕೊಂಡು ಅದೇ ರಸ್ತೆಗೆ ಹೋಗಿ, ಬೇಕೆಂದೇ ಗಕ್ಕನೆ ಬ್ರೇಕು ಹಾಕಿ ಹಾಕಿ ನೋಡಿದ. ಪ್ರತಿ ಸಲವೂ ನಾನು ಕಣ್ಣು ಮುಚ್ಚುತ್ತಿದ್ದೆ.

ಆಸ್ಪತ್ರೆಯಿಂದ ಬಿಡುವ ದಿನ ಬೆಳಗ್ಗೆ ಅಪ್ಪ ಸಾಮಾನು ಹೇರತೊಡಗಿದ. ಅವ್ವನಿಗೆಂದು ನಡುವೆ ತೂತು ಕೊರೆದ ಬೆತ್ತದ ಕುರ್ಚಿ, ಅವಳ ಹಾಸಿಗೆ, ನಮ್ಮ ಬಟ್ಟೆಯ ಟ್ರಂಕು, ಹಲಸಿನಹಣ್ಣು. ಅದರ ಮೇಲೆ ಒಳಗಿಂದ ಇನ್ನೊಂದು ಹಾಸಿಗೆ ಸುರುಳಿ ತಂದು ಇಟ್ಟ.

"ಅದು ನಿಂದಲ್ವಾ?" ಎಂದಳು ಲತಾ.

"ಅಗ್ಗ ಎಸಿ ಈ ಕಡೆ" ಎಂದ ಅಪ್ಪ.

ಹಾಸನದಲ್ಲಿ ಅವ್ವನನ್ನು ಹಿಂದಿನ ಸೀಟಿಗೆ ಮಲಗಿಸಿದರು. ಮಾವ ಟೆಂಪೊ ತಂದಿದ್ದ. ಅವ್ವ, "ಕಾರ್ನಾಗೇ ಓಯ್ತೀನಿ" ಎಂದಿದ್ದಕ್ಕೆ ಗೊಣಗುತ್ತಾ ಹಿಂದೆ ಬಂದ. ಮುಂದಿನ ಸೀಟಿನಲ್ಲಿ ನಾವಿಬ್ಬರೂ ಅಂಟಿಕೊಂಡು ಕೂತು, ಹಳ್ಳ ಬಂದಾಗಲೆಲ್ಲ ಅವ್ವನ ಮುಖ ತಿರುಗಿ ನೋಡುತ್ತಿದ್ದೆವು. ಅವಳು ತುಟಿ ಕಚ್ಚಿ, "ಏನಿಲ್ಲ, ಮುಂದೆ ನೋಡ್ಕಳಿ" ಅನ್ನುತ್ತಿದ್ದಳು. ಚನ್ನರಾಯಪಟ್ಟಣ ದಾಟುವಾಗ ಮೊದಲ ಮಳೆಯ ಗಾಳಿ ಎದ್ದು, ಧೂಳಿನ ವಾಸನೆ ಕಾರಿನೊಳಕ್ಕೆ ನುಗ್ಗಿತು. ತಲೆಯ ಮೇಲೆ ಹಗ್ಗ ಕಿರ್‌ಕಿರ್ ಎನ್ನುತ್ತಿತ್ತು. ಅಪ್ಪ ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದು, ಎತ್ತಿನ ಗಾಡಿಗಿಂತ ತುಸು ಜೋರಾಗಿ ಓಡಿಸುತ್ತಿದ್ದ.

ಬಾಗೂರಿನಲ್ಲಿ ಜಗಲಿಯ ತುಂಬ ಜನ. ಅವ್ವನನ್ನು ಕುರ್ಚಿಯಲ್ಲಿ ಕೂರಿಸಿ ಇಳಿಸಿಕೊಂಡಾಯಿತು. ಮಾವ ಹಗ್ಗ ಬಿಚ್ಚಿ ಸಾಮಾನು ಇಳಿಸುತ್ತಾ, ಆ ಹಾಸಿಗೆ ಸುರುಳಿಯನ್ನು ಹಿಡಿದು ನಿಂತ.

"ಇದ್ಯಾರ್ದು ಬಾವ?"

"ನಂದು."

"ನಿಂದಾ?"

"ಅವ್ಳು ಎದ್ದು ಓಡಾಡೋಗಂಟ ನಾನೂ ಇಲ್ಲೇ ಇರ್ತೀನಿ. ನಿಮ್ಮ ಒಲದ ಕೆಲ್ಸ ಏನದೆ ಯೋಳು, ಮಾಡ್ತೀನಿ."

ಜಗಲಿಯಲ್ಲಿ ಪಿಸುಮಾತು ಎದ್ದಿತು. ಹೆಂಡತಿಯ ತವರಲ್ಲಿ ಹಾಸಿಗೆ ಹಾಸಿದ ಅಳಿಯನ ಬಗ್ಗೆ ನಮ್ಮ ಕಡೆ ಏನೇನು ಗಾದೆಗಳಿವೆ ಎಂಬುದು ನನಗೆ ಆ ವಯಸ್ಸಿಗೇ ಗೊತ್ತಿತ್ತು. ಅವ್ವನ ಮುಖ ಕೆಂಪಾಯಿತು.

"ಊರೋರು ನಗ್ತಾರೆ ಕಣ್ರೀ."

"ನಗ್ಲಿ ಬುಡು. ನಕ್ರೆ ಅವರ ಅಲ್ಲುಗಳೇ ಕಾಣ್ತವೆ."

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಕ್ಕಳೋ ಅತ್ತಳೋ ಗೊತ್ತಾಗಲಿಲ್ಲ. ಮಾವ ಹಾಸಿಗೆಯನ್ನು ಹೆಗಲಿಗೆ ಹಾಕಿಕೊಂಡು ಒಳಗೆ ಹೋಗಿ, ನಡುಮನೆಯಲ್ಲಿ ತನ್ನ ಹಾಸಿಗೆಯ ಪಕ್ಕದಲ್ಲೇ ಇಟ್ಟ.

ಊರವರು ನಕ್ಕರು. ಅಪ್ಪ ಬಾಗೂರಿನ ಹೊಲ ಉತ್ತ, ನಡುನಡುವೆ ಬಸ್ಸಿನಲ್ಲಿ ಹೋಗಿ ನಮ್ಮ ಆಲೂಗೆಡ್ಡೆಯನ್ನೂ ಬಿತ್ತಿ ಬಂದ. ಅಜ್ಜಿಯೂ ಅತ್ತೆಯೂ ಅವ್ವನ ಮೈ ನೋಡಿಕೊಂಡರು. ಸಂಜೆಗೆ ಅವ್ವನ ಕುರ್ಚಿಯನ್ನು ಜಗಲಿಗೆ ಹೊತ್ತು ತರುವುದು ಮಾತ್ರ ಅಪ್ಪನದೇ ಕೆಲಸ. ಶ್ರಾವಣದಲ್ಲಿ ಕೋಲೂರಿಕೊಂಡು ಅವಳು ಕಾರಿನ ಮುಂದಿನ ಸೀಟಿಗೆ ತಾನೇ ಹತ್ತಿದಳು. ಕಾಲು ಕೊಂಚ ಕುಂಟುವುದು ಕೊನೆಯವರೆಗೂ ಉಳಿಯಿತು.

ಈಗ ಅಪ್ಪ ಇಲ್ಲ, ಅವ್ವ ಇಲ್ಲ. ಕಾರು ಯಾವಾಗಲೋ ಗುಜರಿಗೆ ಹೋಯಿತು. ಹೋದ ವರ್ಷ ಹಾಸನದಲ್ಲೇ ನಮ್ಮ ಯಜಮಾನರಿಗೆ ಮಂಡಿ ಆಪರೇಷನ್ ಆಯಿತು. ಮಗ ಎಲ್ಲಿಂದಲೋ ಫೋನಿನಲ್ಲೇ ಆಂಬುಲೆನ್ಸ್ ಹೇಳಿದ. ನಾವು ಮನೆ ಮುಟ್ಟುವ ಮೊದಲೇ ಬಾಡಿಗೆಯ ಮಂಚ ಬಂದಿತ್ತು, ನೋಡಿಕೊಳ್ಳಲು ನರ್ಸ್ ಹುಡುಗಿಯೂ ಬಂದಿದ್ದಳು. ಯಾವುದಕ್ಕೂ ಕೊರತೆಯಾಗಲಿಲ್ಲ, ಯಾರೂ ಯಾರ ಮನೆಗೂ ಹೋಗಬೇಕಾಗಲಿಲ್ಲ. ಒಳ್ಳೆಯದೇ. ಆದರೆ ಆಪರೇಷನ್ ನಡೆಯುತ್ತಿದ್ದ ಅಷ್ಟು ಹೊತ್ತೂ ಹೊರಗಿನ ಬೆಂಚಿನಲ್ಲಿ ಕೂರಲಾರದೆ, ನಿಲ್ಲಲಾರದೆ ಒದ್ದಾಡಿಬಿಟ್ಟೆ. ಅಪ್ಪನ ಹಾಗೆ ಏನಾದರೊಂದು ಹಿಡಿದುಕೋ ಎಂದು ಹೇಳುವವರಿರಲಿಲ್ಲ. ಹಿಡಿದುಕೊಳ್ಳಲು ಏನೂ ಇರಲಿಲ್ಲ. ಪಕ್ಕದಲ್ಲಿ ಕೂತವರ ಹಾಗೆ ನಾನೂ ಫೋನಿನ ಬೆಳಕು ಹಚ್ಚುವುದು, ಆರಿಸುವುದು, ಮತ್ತೆ ಹಚ್ಚುವುದು ಮಾಡುತ್ತಾ ಕೂತಿದ್ದೆ.